ಶನಿವಾರ ಕಿಲ್ ಡೆವಿಲ್ ಹಿಲ್ಸ್‌ಗೆ: ಬರುವವರೆಲ್ಲ ಓದಿ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ನಾರ್ತ್ ಕ್ಯಾರೊಲೈನಾದ ಕಿಲ್ ಡೆವಿಲ್ ಹಿಲ್ಸ್‌ನಲ್ಲಿರುವ ರೈಟ್ ಸಹೋದರರ ಸ್ಮಾರಕಕ್ಕೆ ಹೋಗ್ತಾ ಇದ್ದೇವೆ. ಹೆಸರು ಕೊಟ್ಟವರು ಬೆಳಿಗ್ಗೆ 6ಕ್ಕೆ ರಾಲಿಯಲ್ಲಿ ನಾವು ಯಾವಾಗಲೂ ಸೇರುವ ಜಾಗಕ್ಕೆ ಬಂದುಬಿಡಿ, ದಾರಿ ಮೂರು ಗಂಟೆಗೂ ಜಾಸ್ತಿ.

ಒಂದು ಕೋರಿಕೆ. ಹೋದ ತಕ್ಷಣ ಗುಡ್ಡದ ಮೇಲಿನ ಸ್ಮಾರಕಕ್ಕೆ ಓಡೋದು ಬೇಡ. ಮೊದಲು ಕೆಳಗಿರುವ ಎರಡು ಮರದ ಶೆಡ್ ನೋಡೋಣ. ಮೂಲ ಶೆಡ್‌ಗಳು ಈಗಿಲ್ಲ, ಇವು ಅದೇ ಮಾದರಿಯಲ್ಲಿ ಮತ್ತೆ ಕಟ್ಟಿದವು. ಆದರೂ ನನಗೆ ಅಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸೋದು ಇವೇ. 1900ರಲ್ಲಿ ಹತ್ತಿರದ ಕಿಟ್ಟಿ ಹಾಕ್‌ನಲ್ಲಿ ಟೆಂಟ್ ಹಾಕಿಕೊಂಡಿದ್ದ ರೈಟ್ ಸಹೋದರರು 1901ರಲ್ಲಿ ಇಲ್ಲಿಗೆ ಬಂದು ಶೆಡ್ ಕಟ್ಟಿದರು, ಸೊಳ್ಳೆ ಕಾಟ ತಡೆದುಕೊಂಡರು, ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಅಂದುಕೊಂಡಷ್ಟು ಮೇಲೇಳದೆ ಬೇಸರಪಟ್ಟು ಊರಿಗೆ ಹೋದರು, 1902ರಲ್ಲಿ ಹೊಸ ಗ್ಲೈಡರ್ ತಂದು ನೂರಾರು ಸಲ ಹಾರಿ ಅದನ್ನು ಹಿಡಿತಕ್ಕೆ ತಂದುಕೊಂಡರು. ಎಂಜಿನ್ ಇರುವ ವಿಮಾನದಲ್ಲಿ ಅವರು ಮೊದಲ ಸಲ ಹಾರಿದ 1903ರ ಡಿಸೆಂಬರ್ 17 ಬಂದದ್ದು ಇಷ್ಟೆಲ್ಲ ಆದಮೇಲೆ. ಮಕ್ಕಳಿಗೆ ಇದನ್ನು ಹೇಳಲೇಬೇಕು ಅಲ್ವಾ?

ಆ ದಿನದ ನಾಲ್ಕು ಹಾರಾಟ ಮುಗಿದ ಜಾಗಗಳಲ್ಲಿ ಗುರುತಿನ ಕಲ್ಲುಗಳಿವೆ. ಮೊದಲನೆಯದು 120 ಅಡಿ, 12 ಸೆಕೆಂಡು. ಕೊನೆಯದು 852 ಅಡಿ, 59 ಸೆಕೆಂಡು. ಮಕ್ಕಳ ಜೊತೆ ಪೂರ್ತಿ ನಡೆಯೋಣ. ಅಸಲಿ ವಿಮಾನ ಇರೋದು ವಾಷಿಂಗ್ಟನ್‌ನಲ್ಲಿ, ಇಲ್ಲಿರೋದು ಪ್ರತಿಕೃತಿ, ಮೊದಲೇ ಹೇಳಿಬಿಡಿ.

ಹುಲ್ಲಿನಲ್ಲಿ ಮುಳ್ಳು ಇರುತ್ತೆ, ಚಪ್ಪಲಿ ಬೇಡ, ಶೂ ಹಾಕಿ. ಟೋಪಿ, ನೀರು, ಗಾಳಿಗೆ ಒಂದು ಜಾಕೆಟ್ ಇರಲಿ. 16 ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಎಷ್ಟು ಜನ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಅಂತ ಬುಧವಾರ ರಾತ್ರಿಯೊಳಗೆ ಇಲ್ಲೇ ಬರೆಯಿರಿ. ಚಿತ್ರಾನ್ನ, ಮೊಸರನ್ನ ಯಾರು ತರ್ತೀರಿ ಅಂತಲೂ ತಿಳಿಸಿ.