ಗೇಮ್‌ನ ಕೋಡ್ ಮುಕ್ತವಾಗಲಿ. ಹೆಸರು, ಚಿತ್ರ, ಸಂಗೀತ ನಿಮ್ಮದಾಗಿಯೇ ಇರಲಿ

ಮಾನ್ಯ ಸಂಪಾದಕರೇ,

ಒಬ್ಬರೋ ಇಬ್ಬರೋ ಸೇರಿ ವರ್ಷಗಟ್ಟಲೆ ದುಡಿದು ಮಾಡಿದ ಗೇಮ್‌ನ ಸೋರ್ಸ್ ಕೋಡನ್ನು (ಪ್ರೋಗ್ರಾಮರ್ ಬರೆದ ಮೂಲ ಸಾಲುಗಳನ್ನು) ಎಲ್ಲರಿಗೂ ಬಿಟ್ಟುಕೊಡಬೇಕೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಚರ್ಚೆ ಎರಡು ತುದಿಗೆ ಓಡುತ್ತದೆ. ಕೊಟ್ಟರೆ ನಾಳೆಯೇ ಕದಿಯುತ್ತಾರೆ ಎಂದು ಕೆಲವರು, ಎಲ್ಲವೂ ಮುಕ್ತವಾಗಿರಬೇಕು ಎಂದು ಇನ್ನು ಕೆಲವರು. ಗೇಮ್ ಎಂದರೆ ಒಂದೇ ವಸ್ತು ಎಂದು ಇಬ್ಬರೂ ಅಂದುಕೊಂಡಿರುವುದೇ ತೊಡಕು. ಕಾನೂನಿನ ಲೆಕ್ಕದಲ್ಲಿ ಕೋಡ್ ಬೇರೆ, ಚಿತ್ರ ಬೇರೆ, ಸಂಗೀತ ಬೇರೆ, ಸಂಭಾಷಣೆ ಬೇರೆ, ಹೆಸರು ಮತ್ತು ಲೋಗೊ ಬೇರೆ. ಒಂದೊಂದಕ್ಕೂ ಬೇರೆ ಬೇರೆ ಷರತ್ತು ಹಾಕಬಹುದು. ಸ್ವತಂತ್ರ ಡೆವಲಪರ್‌ಗಳು ಕೋಡನ್ನು ತೆರೆಯಬೇಕು, ಉಳಿದದ್ದನ್ನು ಇಟ್ಟುಕೊಳ್ಳಬೇಕು ಎಂಬುದು ನಮ್ಮ ಖಚಿತ ನಿಲುವು.

ಇದು ಹೊಸ ದಾರಿಯೇನಲ್ಲ. ಐಡಿ ಸಾಫ್ಟ್‌ವೇರ್ ಕಂಪನಿ 1993ರ ತನ್ನ ‘ಡೂಮ್’ ಗೇಮ್‌ನ ಕೋಡನ್ನು 1997ರ ಡಿಸೆಂಬರ್‌ನಲ್ಲಿ ಹೊರಗಿಟ್ಟಿತು. ಮೊದಲು ಲಾಭಕ್ಕೆ ಬಳಸಬಾರದು ಎಂಬ ಷರತ್ತಿತ್ತು, 1999ರಲ್ಲಿ ಅದನ್ನು ಜಿಪಿಎಲ್ ಲೈಸೆನ್ಸ್‌ಗೆ (ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಮಾರಬಹುದು, ಆದರೆ ಹಂಚುವಾಗ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು ಎನ್ನುವ ಪರವಾನಗಿಗೆ) ಬದಲಿಸಿತು. ಆದರೆ ಹಂತಗಳು, ಚಿತ್ರಗಳು, ಶಬ್ದಗಳು ತುಂಬಿದ ‘ವಾಡ್’ ಕಡತವನ್ನು ಕೊಡಲಿಲ್ಲ. ಪೂರ್ತಿ ಗೇಮ್ ಆಡಬೇಕಾದವರು ಅದನ್ನು ಇಂದಿಗೂ ಕೊಳ್ಳಬೇಕು. ಕೋಡ್ ಸಿಕ್ಕಿದ್ದರಿಂದ ಆ ಗೇಮ್ ಹೊಸ ಹೊಸ ಯಂತ್ರಗಳ ಮೇಲೆ ಓಡುತ್ತಲೇ ಇದೆ, ವಾಡ್ ಕೈಲಿರುವುದರಿಂದ ಮಾರಾಟವೂ ನಿಂತಿಲ್ಲ.

ಅದು ದೊಡ್ಡ ಹೆಸರಿನ ಕಂಪನಿ ಎನ್ನಬಹುದು. ‘ಮಿಂಡಸ್ಟ್ರಿ’ಯನ್ನು ನೋಡಿ. ಬಹುಪಾಲು ಒಬ್ಬರೇ ಡೆವಲಪರ್ ಕಟ್ಟಿದ ಕಾರ್ಖಾನೆ ಗೇಮ್ ಅದು. ಕೋಡ್ ಜಿಪಿಎಲ್ 3ನೇ ಆವೃತ್ತಿಯಲ್ಲಿ, ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿದೆ, ಉಚಿತವಾಗಿ ಇಳಿಸಿಕೊಳ್ಳಲೂ ಬರುತ್ತದೆ. ಹಾಗಿದ್ದೂ 2019ರಿಂದ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ದುಡ್ಡಿಗೆ ಮಾರಾಟವಾಗುತ್ತಿದೆ. ‘ಶ್ಯಾಟರ್ಡ್ ಪಿಕ್ಸೆಲ್ ಡಂಜನ್’ ಹುಟ್ಟಿದ್ದೇ ಇನ್ನೊಬ್ಬರು ತೆರೆದಿಟ್ಟ ‘ಪಿಕ್ಸೆಲ್ ಡಂಜನ್’ ಕೋಡ್‌ನಿಂದ. ಇದೂ ಜಿಪಿಎಲ್. ಆಂಡ್ರಾಯ್ಡ್‌ನಲ್ಲಿ ಉಚಿತ, ಸ್ಟೀಮ್ ಮತ್ತು ಐಫೋನ್‌ನಲ್ಲಿ ಬೆಲೆ ಇದೆ. ಜನ ದುಡ್ಡು ಕೊಡುವುದು ಕೋಡ್‌ಗಲ್ಲ. ಒಂದೇ ಒತ್ತಿನಲ್ಲಿ ಇನ್‌ಸ್ಟಾಲ್ ಆಗುವ, ತಾನಾಗಿ ಅಪ್‌ಡೇಟ್ ಆಗುವ, ಮಾಡಿದವರಿಗೆ ದುಡ್ಡು ತಲುಪುತ್ತದೆ ಎಂಬ ನಂಬಿಕೆಯಿರುವ ಪ್ರತಿಗೆ.

ಕದಿಯುವವರಿಗೆ ಕೋಡ್ ಬೇಕೇ ಬೇಕು ಎಂಬುದೂ ತಪ್ಪು ತಿಳಿವಳಿಕೆ. 2014ರ ಫೆಬ್ರುವರಿಯಲ್ಲಿ ‘ತ್ರೀಸ್’ ಎಂಬ ಅಂಕಿಗಳ ಪಜಲ್ ಬಂತು. ಅದರ ಹಿಂದೆ 14 ತಿಂಗಳ ದುಡಿಮೆಯಿತ್ತು. ಕೆಲವೇ ವಾರಗಳಲ್ಲಿ ಅದೇ ಜಾಡಿನ ‘1024’, ಆಮೇಲೆ ‘2048’ ಬಂದು ಲೋಕವೆಲ್ಲ ಹಬ್ಬಿದವು. ‘ತ್ರೀಸ್’ನ ಒಂದು ಸಾಲು ಕೋಡನ್ನೂ ಯಾರೂ ನೋಡಿರಲಿಲ್ಲ, ಆಟದ ನಿಯಮ ಕಣ್ಣಿಗೆ ಕಂಡರೆ ಸಾಕಾಗಿತ್ತು. ಅಲ್ಲದೆ ಯೂನಿಟಿ ಎಂಬ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ತಂತ್ರಾಂಶದಲ್ಲಿ) ಮಾಡಿ ಮಾಮೂಲಿ ಮೋನೊ ಬಿಲ್ಡ್ (ಆಡಲು ಸಿದ್ಧವಾದ ಪ್ರತಿ) ಕೊಟ್ಟಿದ್ದರೆ ಅದರ ಸಿ ಶಾರ್ಪ್ ಕೋಡನ್ನು, ಸಿದ್ಧ ಪ್ರತಿಯಿಂದ ಕೋಡ್ ಹೊರತೆಗೆಯುವ ಡಿಕಂಪೈಲರ್‌ನಿಂದ ಕೆಲವೇ ನಿಮಿಷಗಳಲ್ಲಿ ಓದಬಹುದು. ಗೊಡೊ ಎಂಜಿನ್‌ನ ಪ್ಯಾಕ್ ಕಡತವನ್ನು ಬಿಚ್ಚುವ ಉಪಕರಣಗಳೂ ಎಲ್ಲರಿಗೂ ಸಿಗುತ್ತವೆ. ಮುಚ್ಚಿಟ್ಟಿದ್ದೇವೆ ಎಂದುಕೊಂಡಿದ್ದು ಅಷ್ಟೇನೂ ಮುಚ್ಚಿರುವುದಿಲ್ಲ.

ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ವುಲ್ಫೈರ್ ಗೇಮ್ಸ್‌ನ ‘ಲುಗಾರು’ ಕೋಡ್ 2010ರ ಮೇ ತಿಂಗಳಲ್ಲಿ, ಹಲವು ಸ್ವತಂತ್ರ ಗೇಮ್‌ಗಳನ್ನು ಒಟ್ಟಿಗೆ ಮಾರಿದ ಮೊದಲ ಹಂಬಲ್ ಇಂಡೀ ಬಂಡಲ್‌ನ ಗಳಿಕೆ ಹತ್ತು ಲಕ್ಷ ಡಾಲರ್ ದಾಟಿದ ಮೇಲೆ, ಜಿಪಿಎಲ್ ಅಡಿಯಲ್ಲಿ ಹೊರಬಂತು. ಮರುವರ್ಷದ ಆರಂಭದಲ್ಲೇ ಬೇರೆ ಯಾರೋ ಅದನ್ನು ಮ್ಯಾಕ್ ಆ್ಯಪ್ ಸ್ಟೋರ್‌ನಲ್ಲಿ 1.99 ಡಾಲರ್‌ಗೆ ಮಾರಲು ಇಟ್ಟರು. ಮೂಲ ತಯಾರಕರ ಪ್ರತಿಗೆ ಬೆಲೆ 9.99 ಡಾಲರ್. ಕೋಡ್ ಮಾರುವುದಕ್ಕೆ ಜಿಪಿಎಲ್‌ನಲ್ಲಿ ಅಡ್ಡಿಯಿಲ್ಲ. ಆದರೆ ಚಿತ್ರ, ಮಾದರಿ, ಹಂತಗಳಿಗೆ ಆ ಅನುಮತಿ ಇರಲಿಲ್ಲ. ಅಂಗಡಿಯವರಿಗೆ ಅದನ್ನು ವಿವರಿಸಿ ನಕಲಿಯನ್ನು ತೆಗೆಸುವಷ್ಟರಲ್ಲಿ ಸಮಯ ಹೋಯಿತು. ಇದರಿಂದ ಮೂರು ಕೆಲಸ ಕಲಿಯಬೇಕು. ಕೋಡ್ ಮತ್ತು ಅಸೆಟ್‌ಗಳನ್ನು (ಚಿತ್ರ, ಸಂಗೀತ, ಹಂತಗಳನ್ನು) ಬೇರೆ ಬೇರೆ ಫೋಲ್ಡರ್‌ನಲ್ಲಿ, ಸಾಧ್ಯವಾದರೆ ಬೇರೆ ರೆಪೊಸಿಟರಿಯಲ್ಲೇ (ಕಡತಗಳ ಸಂಗ್ರಹದಲ್ಲೇ) ಇಡಿ. ಪ್ರತಿ ಫೋಲ್ಡರ್‌ನಲ್ಲೂ ಅದರದೇ ಲೈಸೆನ್ಸ್ ಕಡತ ಇರಲಿ; ‘ಈ ಚಿತ್ರ, ಸಂಗೀತ, ಹಂತಗಳಿಗೆ ಮೇಲಿನ ಲೈಸೆನ್ಸ್ ಅನ್ವಯಿಸದು’ ಎಂದು ನೇರವಾಗಿ ಬರೆಯಿರಿ. ಮತ್ತು ಗೇಮ್‌ನ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ. ನಮ್ಮಲ್ಲಿ ಗೇಮ್ ಸಾಫ್ಟ್‌ವೇರ್ 9ನೇ ವರ್ಗಕ್ಕೆ ಬರುತ್ತದೆ. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಸಣ್ಣ ಉದ್ದಿಮೆಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ ₹4,500. ನಿಮ್ಮ ಕೋಡ್‌ನಿಂದ ಇನ್ನೊಂದು ಗೇಮ್ ಮಾಡಿದವರು ಬೇರೆ ಹೆಸರಿಟ್ಟುಕೊಳ್ಳಲೇಬೇಕು ಎಂದು ಹೇಳುವ ಬಲ ಬರುವುದು ಇದರಿಂದ, ಜಿಪಿಎಲ್‌ನಿಂದಲ್ಲ.

ಯಾವ ಲೈಸೆನ್ಸ್? ‘ಎಂಐಟಿ’ ಎಂಬ ಲೈಸೆನ್ಸ್ ಹಾಕಿದರೆ ಯಾರು ಬೇಕಾದರೂ ಕೋಡ್ ತೆಗೆದುಕೊಂಡು, ಬದಲಾಯಿಸಿ, ಮುಚ್ಚಿಟ್ಟು ಮಾರಬಹುದು. ನಿಮ್ಮ ಹಕ್ಕುಸ್ವಾಮ್ಯದ ಸೂಚನೆ ಮತ್ತು ಲೈಸೆನ್ಸ್‌ನ ಪಠ್ಯ ಉಳಿಸಿಕೊಂಡರೆ ಸಾಕು. ಜಿಪಿಎಲ್ ಹಾಕಿದರೆ, ಬದಲಾಯಿಸಿ ಹಂಚಿದವರು ತಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಸಣ್ಣ ಲೈಬ್ರರಿ (ಬೇರೆ ಪ್ರೋಗ್ರಾಮ್‌ಗಳು ಬಳಸುವ ಸಿದ್ಧ ಕೋಡ್), ಉಪಕರಣಗಳಿಗೆ ಎಂಐಟಿ ಸರಿ, ಪೂರ್ತಿ ಗೇಮ್‌ಗೆ ಜಿಪಿಎಲ್ 3 ಹೆಚ್ಚು ಕಾಪಾಡುತ್ತದೆ ಎಂಬುದು ನಮ್ಮ ಸಲಹೆ. ಒಂದು ಎಚ್ಚರಿಕೆ: ಅಪಾಚೆ 2.0 ಲೈಸೆನ್ಸ್‌ನ ಲೈಬ್ರರಿ ಬಳಸಿದ್ದರೆ ಅದು ಜಿಪಿಎಲ್ 3ರ ಜತೆ ಹೊಂದುತ್ತದೆ, ಬರೀ ಜಿಪಿಎಲ್ 2ರ ಜತೆ ಹೊಂದದು. ‘ಲಾಭಕ್ಕೆ ಬಳಸಬೇಡಿ’ ಎಂಬ ಷರತ್ತು ಸೇರಿಸಿದರೆ ಅದನ್ನು ಓಪನ್ ಸೋರ್ಸ್ (ಯಾರು ಯಾವ ಉದ್ದೇಶಕ್ಕೂ ಬಳಸಬಹುದಾದ ಕೋಡ್) ಎನ್ನುವಂತಿಲ್ಲ. ಹತ್ತನೇ ವರ್ಷಕ್ಕೆ, 2020ರಲ್ಲಿ, ಕೋಡನ್ನು ಹೊರಗೆ ಬಿಟ್ಟ ‘ವಿವಿವಿವಿವಿವಿ’ ಗೇಮ್‌ನ ಷರತ್ತು ಅಂಥದ್ದೇ. ಅದೂ ಒಳ್ಳೆಯ ಕೆಲಸವೇ. ನೋಡಲು ಕೊಟ್ಟಿದ್ದೇವೆ ಎಂದು ಪ್ರಾಮಾಣಿಕವಾಗಿ ಹೇಳಿದರೆ ಆಯಿತು. ಹಾಗೆಯೇ, ಒಮ್ಮೆ ಕೊಟ್ಟಿದ್ದನ್ನು ಹಿಂದಕ್ಕೆ ಪಡೆಯಲಾಗದು. ಪಿಕ್ಸೆಲ್ ಚಿತ್ರಗಳನ್ನು ಬಿಡಿಸುವ ‘ಎಸ್‌ಪ್ರೈಟ್’ 2016ರಲ್ಲಿ ಜಿಪಿಎಲ್ ಬಿಟ್ಟು ತನ್ನದೇ ಷರತ್ತಿಗೆ ಹೋಯಿತು. ಹಳೆಯ ಜಿಪಿಎಲ್ ಆವೃತ್ತಿ ‘ಲಿಬ್ರೆಸ್‌ಪ್ರೈಟ್’ ಆಗಿ ಮುಂದುವರಿಯಿತು.

ನಮ್ಮ ದೇಶದ ಡೆವಲಪರ್‌ಗಳು ಎಡವುವುದು ಹೆಚ್ಚಾಗಿ ಇಲ್ಲಿ: ತಮ್ಮದಲ್ಲದ್ದನ್ನು ತಮ್ಮದೆಂದುಕೊಳ್ಳುತ್ತಾರೆ. ದುಡ್ಡು ಕೊಟ್ಟು ಹೊರಗಿನ ಪ್ರೋಗ್ರಾಮರ್‌ನಿಂದಲೋ ಸಂಗೀತಗಾರರಿಂದಲೋ ಮಾಡಿಸಿದ ಕೆಲಸದ ಹಕ್ಕು ತಾನಾಗಿ ನಿಮಗೆ ಬರುತ್ತದೆ ಎಂದು ನಂಬಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರ ಎಂದು ಅದೇ ಕಲಮು ಹೇಳುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ‘ಓಕೆ’ ಎಂದದ್ದನ್ನು ನೆಚ್ಚಿಕೊಂಡು ಇಡೀ ಲೋಕಕ್ಕೆ ಲೈಸೆನ್ಸ್ ಕೊಡಲು ಹೋದರೆ ಮುಂದೆ ತಕರಾರು ಖಂಡಿತ. ಒಪ್ಪಂದದಲ್ಲಿ ‘ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ, ಜಗತ್ತಿನೆಲ್ಲೆಡೆ, ಓಪನ್ ಸೋರ್ಸ್ ಲೈಸೆನ್ಸ್ ಕೊಡುವ ಅಧಿಕಾರ ಸೇರಿ’ ಎಂಬ ಮಾತು ಇರಲಿ. ಹಗಲು ಐಟಿ ಕಂಪನಿಯಲ್ಲಿ ದುಡಿದು ರಾತ್ರಿ ಗೇಮ್ ಮಾಡುವವರು ಬೆಂಗಳೂರಿನಲ್ಲಿ ಬಹಳ. ಅವರು ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಬೇಕು. ನೌಕರಿಯ ಭಾಗವಾಗಿ ಮಾಡಿದ ಕೆಲಸಕ್ಕೆ 17ನೇ ಕಲಮಿನಂತೆ ಕಂಪನಿಯೇ ಮೊದಲ ಒಡೆಯ. ಬಿಡುವಿನಲ್ಲಿ ಮಾಡಿದ್ದೂ ತನಗೇ ಸೇರಬೇಕು ಎಂದು ಬರೆಸಿಕೊಳ್ಳುವ ಕಂಪನಿಗಳೂ ಇವೆ. ಲಿಖಿತ ಅನುಮತಿ ಪಡೆಯದೆ ಕೋಡ್ ಹೊರಗಿಡಬಾರದು.

ಇನ್ನು ಹೊರಗಿಡುವ ಮುನ್ನ ಮಾಡಬೇಕಾದ ಶುಚಿ. ಯೂನಿಟಿ ಅಸೆಟ್ ಸ್ಟೋರ್‌ನಲ್ಲಿ ಕೊಂಡ ಮಾದರಿ, ಸ್ಕ್ರಿಪ್ಟ್‌ಗಳನ್ನು ಗೇಮ್‌ನೊಳಗೆ ಸೇರಿಸಿ ಮಾರಬಹುದು, ಬಿಡಿಯಾಗಿ ಹಂಚುವಂತಿಲ್ಲ. ಅವನ್ನು ರೆಪೊಸಿಟರಿಯಿಂದ ತೆಗೆಯಿರಿ. ‘ಎಫ್‌ಮಾಡ್’, ‘ವೈಸ್’ನಂಥ ಧ್ವನಿ ಎಂಜಿನ್‌ಗಳದ್ದೂ ಇದೇ ಕಥೆ. ಡೂಮ್ ಕೋಡ್ ಬಿಡುವಾಗ ಡಾಸ್‌ನ ಬದಲು ಲಿನಕ್ಸ್ ಆವೃತ್ತಿಯನ್ನು ಕೊಡಬೇಕಾಗಿ ಬಂದದ್ದೂ ಧ್ವನಿಯ ಲೈಬ್ರರಿ ಬೇರೆಯವರದ್ದಾಗಿದ್ದ ಕಾರಣಕ್ಕೆ. ನಿಂಟೆಂಡೊ, ಪ್ಲೇಸ್ಟೇಷನ್‌ನಂಥ ಗೇಮ್ ಯಂತ್ರಗಳಿಗೆ ಸಂಬಂಧಿಸಿದ ಕೋಡ್ ಗೋಪ್ಯತೆಯ ಒಪ್ಪಂದಕ್ಕೆ ಒಳಪಟ್ಟಿರುತ್ತದೆ. ಅದನ್ನು ಖಾಸಗಿ ರೆಪೊಸಿಟರಿಯಲ್ಲೇ ಇಡಬೇಕು. ಸ್ಟೀಮ್‌ನ ಸೌಲಭ್ಯ ಬಳಸುವ ಸಾಲುಗಳನ್ನೆಲ್ಲ ಒಂದೇ ಕಡತದಲ್ಲಿ ಕೂಡಿಸಿ, ಅದಿಲ್ಲದೆಯೂ ಗೇಮ್ ಬಿಲ್ಡ್ ಆಗುವಂತೆ ಮಾಡಿ.

ಆಮೇಲೆ ಗುಟ್ಟುಗಳು. ಆಂಡ್ರಾಯ್ಡ್ ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ಕೀಲಿಯ ಕಡತ (ಕೀಸ್ಟೋರ್), ಅದರ ಪಾಸ್‌ವರ್ಡ್, ಸರ್ವರ್ ಕೀಲಿ ಇವೆಲ್ಲ ಕೋಡ್‌ನ ಜತೆಗೇ ಸೇರಿಹೋಗಿರುತ್ತವೆ. ಇವತ್ತು ಅಳಿಸಿದರೂ, ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನ ಇತಿಹಾಸದಲ್ಲಿ ಉಳಿದಿರುತ್ತವೆ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಸುಲಭದ ದಾರಿ: ಶುಚಿ ಮಾಡಿದ ಕಡತಗಳನ್ನು ಹೊಸ ರೆಪೊಸಿಟರಿಗೆ ನಕಲು ಮಾಡಿ ಒಂದೇ ಕಮಿಟ್‌ನಿಂದ (ಬದಲಾವಣೆಯ ದಾಖಲೆಯಿಂದ) ಶುರುಮಾಡುವುದು. ಇತಿಹಾಸವೂ ಬೇಕೆಂದರೆ ಅದರೊಳಗಿನ ಗುಟ್ಟುಗಳನ್ನು ಅಳಿಸುವ ‘ಗಿಟ್ ಫಿಲ್ಟರ್-ರೆಪೊ’ ಉಪಕರಣ ಬಳಸಿ. ಯಾವ ದಾರಿ ಹಿಡಿದರೂ ಹಳೆಯ ಕೀಲಿಗಳನ್ನು ಬದಲಾಯಿಸಿಯೇ ತೀರಬೇಕು. ಗಿಟ್‌ಹಬ್ 100 ಎಂಬಿ ದಾಟಿದ ಕಡತವನ್ನು ತೆಗೆದುಕೊಳ್ಳುವುದಿಲ್ಲ, ಅಂಥದ್ದು ಇದ್ದರೆ ದೊಡ್ಡ ಕಡತಗಳಿಗೆಂದೇ ಇರುವ ಗಿಟ್ ಎಲ್‌ಎಫ್‌ಎಸ್ ಬೇಕು. ಕೊನೆಗೆ, ಈ ಗೇಮ್ ಎಂದೂ ಇಲ್ಲದ ಕಂಪ್ಯೂಟರ್‌ನಲ್ಲಿ ಇಳಿಸಿಕೊಂಡು ಬಿಲ್ಡ್ ಮಾಡಿ ನೋಡಿ. ಎಂಜಿನ್‌ನ ಆವೃತ್ತಿಯನ್ನು ‘ಗೊಡೊ 4’ ಎಂದಷ್ಟೇ ಬರೆದರೆ ಸಾಲದು, ಚುಕ್ಕಿಯ ನಂತರದ ಅಂಕಿಯೂ ಬೇಕು. ಅಸೆಟ್ ಕೊಡುತ್ತಿಲ್ಲವಾದರೆ ಬಣ್ಣದ ಚೌಕಗಳನ್ನಾದರೂ ಬದಲಿಗೆ ಇಡಿ. ತೆರೆದ ಕೂಡಲೇ ಕ್ರ್ಯಾಶ್ ಆಗುವ ಕೋಡ್ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಕೋಡ್ ತೆರೆದರೆ ಬಂದವರ ತಿದ್ದುಪಡಿಯನ್ನೆಲ್ಲ ಸೇರಿಸಿಕೊಳ್ಳಬೇಕು, ಅದಕ್ಕೆ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಬೇಕಿಲ್ಲ. ಶ್ಯಾಟರ್ಡ್ ಪಿಕ್ಸೆಲ್ ಡಂಜನ್‌ನ ಪುಟದಲ್ಲೇ ‘ಪುಲ್ ರಿಕ್ವೆಸ್ಟ್ (ಹೊರಗಿನವರು ಕಳಿಸುವ ತಿದ್ದುಪಡಿ) ಸ್ವೀಕರಿಸುವುದಿಲ್ಲ’ ಎಂದು ಬರೆದಿದೆ. ಅನುವಾದ ಮಾತ್ರ ಆಟಗಾರರಿಂದ ಬರುತ್ತದೆ. ಇದು ಜಾಣತನ, ಏಕೆಂದರೆ ಹೊರಗಿನವರು ಬರೆದ ಸಾಲಿನ ಹಕ್ಕು ಅವರದೇ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ 2011ರ ಜನವರಿಯಲ್ಲಿ ಆ್ಯಪಲ್ ಆ್ಯಪ್ ಸ್ಟೋರ್‌ನಿಂದ ಹೋದದ್ದು, ಅಂಗಡಿಯ ನಿಯಮ ಜಿಪಿಎಲ್‌ಗೆ ವಿರುದ್ಧ ಎಂದು ಅದರದೇ ಕೋಡ್ ಬರೆದ ಒಬ್ಬರು ಆಕ್ಷೇಪಿಸಿದ್ದರಿಂದ. ಬರೆದವರನ್ನು ಹುಡುಕಿ ಒಪ್ಪಿಗೆ ಪಡೆದು ಲೈಸೆನ್ಸ್ ಬದಲಿಸಿದ ಮೇಲೆ, 2013ರಲ್ಲಿ ಮರಳಿತು. ಎಲ್ಲ ಸಾಲೂ ನಿಮ್ಮದೇ ಆಗಿದ್ದರೆ ಹೊರಗೆ ಜಿಪಿಎಲ್, ಆ್ಯಪ್ ಸ್ಟೋರ್‌ಗೆ ಬೇರೆ ಷರತ್ತು ಎಂದು ನೀವೇ ಎರಡು ಬಗೆಯಲ್ಲಿ ಕೊಡಬಹುದು. ತಿದ್ದುಪಡಿ ಸ್ವೀಕರಿಸುವುದಾದರೆ ಮೊದಲ ದಿನದಿಂದಲೇ ಲಿಖಿತ ಒಪ್ಪಂದ ಬೇಕು.

ಆನ್‌ಲೈನ್ ಸ್ಪರ್ಧೆಯ ಗೇಮ್‌ಗೆ ನಮ್ಮ ಉತ್ತರ ಬೇರೆ. 1999ರ ಡಿಸೆಂಬರ್‌ನಲ್ಲಿ ‘ಕ್ವೇಕ್’ ಕೋಡ್ ಹೊರಬಂದದ್ದೇ ತಡ, ತಿದ್ದಿದ ಕ್ಲೈಂಟ್‌ಗಳಿಂದ (ಆಟಗಾರರ ಕಂಪ್ಯೂಟರ್‌ನಲ್ಲಿ ಓಡುವ ಪ್ರತಿಗಳಿಂದ) ಮೋಸದ ಆಟ ಶುರುವಾಯಿತು. ಕ್ಲೈಂಟ್ ಹೇಳಿದ್ದನ್ನು ಸರ್ವರ್ ನಂಬುತ್ತಿದ್ದುದೇ ಕಾರಣ. ಆಟಗಾರನಿಗೆ ಕಾಣಬೇಕಾದಷ್ಟನ್ನೇ ಕಳಿಸಿ, ಪ್ರತಿ ಚಲನೆಯನ್ನೂ ಸರ್ವರ್‌ನಲ್ಲೇ ಪರೀಕ್ಷಿಸುವಂತೆ ಕಟ್ಟದಿದ್ದರೆ ಅಂಥ ಗೇಮ್ ಚಾಲ್ತಿಯಲ್ಲಿರುವಾಗ ಕೋಡ್ ತೆರೆಯಬೇಡಿ. ಸರ್ವರ್ ಮುಚ್ಚುವ ದಿನ ಖಂಡಿತ ತೆರೆಯಿರಿ. ‘ದಿ ಕ್ರೂ’ ಗೇಮ್‌ನ ಸರ್ವರ್ 2024ರ ಮಾರ್ಚ್ 31ರಂದು ನಿಂತಾಗ, ದುಡ್ಡು ಕೊಟ್ಟು ಕೊಂಡವರು ಒಂಟಿಯಾಗಿಯೂ ಆಡಲಾಗದೆ ಉಳಿದರು.

ಸರ್ವರ್ ಇಲ್ಲದ ಗೇಮ್‌ಗಳೂ ಸಾಯುತ್ತವೆ. ಐಒಎಸ್ 11 ಬಂದ 2017ರಲ್ಲಿ, ಮ್ಯಾಕ್ ಕ್ಯಾಟಲಿನಾ ಬಂದ 2019ರಲ್ಲಿ ಹಳೆಯ 32-ಬಿಟ್ ಬಗೆಯ ಗೇಮ್‌ಗಳು ಒಮ್ಮೆಲೇ ನಿಂತವು. ಹಳೆಯ ಎಪಿಐ ಮಟ್ಟದಲ್ಲೇ (ಆಂಡ್ರಾಯ್ಡ್‌ನ ಹಳೆಯ ಆವೃತ್ತಿಗೆ ಕಟ್ಟಿದಂತೆಯೇ) ಉಳಿದ ಆ್ಯಪ್‌ಗಳನ್ನು ಹೊಸ ಫೋನ್‌ನವರಿಗೆ ಪ್ಲೇ ಸ್ಟೋರ್ ತೋರಿಸುವುದೇ ಇಲ್ಲ. ದೊಡ್ಡ ಕಂಪನಿಗೆ ಇದಕ್ಕೆಂದೇ ಜನರಿರುತ್ತಾರೆ, ಒಬ್ಬರೇ ಮಾಡಿದ ಗೇಮ್‌ಗೆ ಯಾರಿರುತ್ತಾರೆ? ಮಾರಾಟ ಬಿದ್ದ ಮೇಲಾದರೂ, ಬಿಡುಗಡೆಯಾದ ಎರಡು ಮೂರು ವರ್ಷಕ್ಕೆ ಕೋಡ್ ತೆರೆದರೆ, ಇಷ್ಟಪಟ್ಟವರೇ ಅದನ್ನು ಹೊಸ ಫೋನ್‌ಗೆ ದಾಟಿಸುತ್ತಾರೆ.

ಕನ್ನಡದವರಿಗೆ ಇದರಲ್ಲಿ ಇನ್ನೂ ಹತ್ತಿರದ ಲಾಭವಿದೆ. ಗೇಮ್‌ಗಳಲ್ಲಿ ಕನ್ನಡ ಕೆಡುವುದು ಅನುವಾದಕರಿಲ್ಲದೆ ಅಲ್ಲ, ಕೋಡ್ ಕೈಗೆ ಸಿಗದೆ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಇಲ್ಲದ ಎಂಜಿನ್‌ನಲ್ಲಿ ‘ರಾಷ್ಟ್ರ’ದ ಒತ್ತಕ್ಷರಗಳು ಚೆದುರುತ್ತವೆ, ‘ಸೂರ್ಯ’ದ ಅರ್ಕಾವತ್ತು ತಪ್ಪು ಜಾಗಕ್ಕೆ ಹೋಗುತ್ತದೆ. ಗೊಡೊದ 3ನೇ ಆವೃತ್ತಿಯವರೆಗೂ ಈ ಗೋಳಿತ್ತು. ಎಂಜಿನ್ ಮುಕ್ತವಾಗಿದ್ದರಿಂದ 2023ರ ಮಾರ್ಚ್‌ನಲ್ಲಿ ಬಂದ 4ನೇ ಆವೃತ್ತಿಯಲ್ಲಿ ಸರಿಹೋಯಿತು. ಎಂಜಿನ್ ಸರಿಯಾದರೂ ಗೇಮ್‌ನ ಕೋಡ್‌ನಲ್ಲಿ ಕೆಡುವುದು ಬೇಕಾದಷ್ಟಿದೆ. ಸಂಭಾಷಣೆಯನ್ನು ಒಂದೊಂದೇ ಅಕ್ಷರವಾಗಿ ಮೂಡಿಸುವಾಗ ‘ಕ್ಷ’ ಎಂಬುದು ಕ, ಹಲಂತ, ಷ ಎಂದು ಮೂರು ಹೆಜ್ಜೆಯಲ್ಲಿ ಮಿನುಗುತ್ತದೆ. ಆಟಗಾರನ ಹೆಸರಿಗೆ ‘ಗೆ’ ಅಂಟಿಸಿದರೆ ‘ರಾಮಗೆ’, ‘ಸೀತಾಗೆ’ ಎಂದಾಗುತ್ತದೆ. ‘ರಾಮನಿಗೆ’, ‘ಸೀತೆಗೆ’ ಎಂದು ಬರಬೇಕಾದರೆ ಅನುವಾದದ ಕಡತ ತಿದ್ದಿ ಪ್ರಯೋಜನವಿಲ್ಲ, ವಾಕ್ಯ ಕಟ್ಟುವ ಸಾಲನ್ನೇ ಬದಲಿಸಬೇಕು. ಅದು ಕೋಡ್ ತೆರೆದಿದ್ದರೆ ಮಾತ್ರ ಕನ್ನಡ ಬಲ್ಲವರ ಕೈಲಾಗುವ ಕೆಲಸ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಇದೆ, ಅದರ ಲೈಸೆನ್ಸ್ ಗೇಮ್‌ನೊಳಗೆ ಸೇರಿಸಿ ಮಾರಲು ಬಿಡುತ್ತದೆ.

ರಾಜ್ಯ ಸರ್ಕಾರ 2024ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ ಪ್ರಕಟಿಸಿದೆ. ಸಾರ್ವಜನಿಕ ಹಣದ ನೆರವು ಪಡೆದ ಗೇಮ್‌ಗಳ ಕೋಡ್, ಅಸೆಟ್ ಹೊರತುಪಡಿಸಿ, ಬಿಡುಗಡೆಯಾದ ಮೂರು ವರ್ಷಕ್ಕೆ ಓಪನ್ ಸೋರ್ಸ್ ಆಗಬೇಕೆಂಬ ಷರತ್ತನ್ನು ನೆರವಿನ ಒಪ್ಪಂದದಲ್ಲೇ ಸೇರಿಸಬೇಕೆಂದು ಸಂಬಂಧಪಟ್ಟ ಇಲಾಖೆಯನ್ನು ಒತ್ತಾಯಿಸುತ್ತೇವೆ. ಕಲಾವಿದರ ಜತೆಗಿನ ಹಕ್ಕು ವರ್ಗಾವಣೆಯ ಮಾದರಿ ಒಪ್ಪಂದವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇಲಾಖೆಯೇ ಸಿದ್ಧಪಡಿಸಿ ಕೊಡಲಿ. ವಕೀಲರ ಶುಲ್ಕ ಭರಿಸಲಾಗದ ಸಣ್ಣ ತಂಡಗಳಿಗೆ ಮೊದಲು ಬೇಕಿರುವುದು ಅದೇ.

– ಸ್ವತಂತ್ರ ಗೇಮ್ ಪ್ರೋಗ್ರಾಮರ್‌ಗಳು, ಬೆಂಗಳೂರು