ಅಕ್ಕಿ ಗಿರಣಿಯ ಗೋದಾಮಿನಲ್ಲಿ ಮುಗಿದ ಢಾಕಾದ ಕತೆ

ಸಿಂಧನೂರಿನ ನಮ್ಮ ಭಾನುವಾರದ ಓದುಕೂಟವು 2022ರ ಜೂನ್ ತಿಂಗಳಿನಿಂದ ವಾರಕ್ಕೊಂದು ಕಂತಿನಂತೆ ನೋಡುತ್ತ ಬಂದಿದ್ದ ‘ಜೋ ಬಿಛಡ್ ಗಯೇ’ ಎಂಬ ಉರ್ದು ಧಾರಾವಾಹಿ ಕಳೆದ ವಾರ ಕೊನೆಗೊಂಡಿತು. ಇಪ್ಪತ್ತೈದು ಮೂವತ್ತು ಜನ ಕೂಡಿ ಒಂದು ಧಾರಾವಾಹಿ ನೋಡಿ ಮುಗಿಸಿದ್ದನ್ನೂ ದೊಡ್ಡ ಸಾಧನೆಯೆಂದು ಬರೆಯಬೇಕೇ ಎಂದು ಯಾರಾದರೂ ಕೇಳಬಹುದು. ನಡುವೆ ಎರಡು ಬಾರಿ ಇದು ಇಲ್ಲಿಗೇ ನಿಂತಿತು ಎಂದುಕೊಂಡಿದ್ದ ನನಗೆ, ನಿಲ್ಲದಂತೆ ನೋಡಿಕೊಂಡವರ ಋಣವನ್ನು ನಾಲ್ಕು ಜನರ ಮುಂದೆ ಹೇಳದೆ ಸುಮ್ಮನಿರಲಾಗುತ್ತಿಲ್ಲ.

ಧಾರಾವಾಹಿಯ ಬಗ್ಗೆ ತಿಳಿಯದವರಿಗಾಗಿ ಎರಡು ಮಾತು. ಪೂರ್ವ ಪಾಕಿಸ್ತಾನವು ಬಾಂಗ್ಲಾದೇಶವಾಗಿ ಐವತ್ತು ವರ್ಷ ತುಂಬಿದ 2021ರ ಡಿಸೆಂಬರ್ ತಿಂಗಳಿನಲ್ಲಿ ಪಾಕಿಸ್ತಾನದ ಜಿಯೋ ವಾಹಿನಿಯಲ್ಲಿ ಇದರ ಪ್ರಸಾರ ಆರಂಭವಾಯಿತು. ಭಾರತದ ವಿಭಜನೆಯನ್ನು ಕುರಿತ ‘ದಾಸ್ತಾನ್’ ಧಾರಾವಾಹಿಯನ್ನು 2010ರಲ್ಲಿ ಮಾಡಿದ್ದ ಹೈಸಮ್ ಹುಸೇನ್ ಅವರೇ ಇದರ ನಿರ್ದೇಶಕರು. ಸೋನಿಯಾ ಎಂಬ ಯುವತಿ (ಮಾಯಾ ಅಲಿ), ವಿದ್ಯಾರ್ಥಿ ಚಳವಳಿಯಲ್ಲಿ ಮುಳುಗಿದ ರೂಮಿ (ವಹಾಜ್ ಅಲಿ), ಪಾಕಿಸ್ತಾನಿ ಸೇನೆಯ ಕ್ಯಾಪ್ಟನ್ ಫರ್ರುಖ್ (ತಲ್ಹಾ ಚಹೌರ್) ಎಂಬ ಮೂವರ ಸುತ್ತ ಢಾಕಾ ನಗರವು ಹೊತ್ತಿ ಉರಿಯುವುದನ್ನು ಅದು ತೋರಿಸುತ್ತದೆ. ಕತೆಗೆ ಆಧಾರವಾದದ್ದು ಒಬ್ಬ ಸೇನಾಧಿಕಾರಿಯ ನೆನಪುಗಳಾದ್ದರಿಂದ ಕ್ಯಾಮೆರಾ ಹೆಚ್ಚಾಗಿ ಸಮವಸ್ತ್ರದ ಪಕ್ಕದಲ್ಲಿಯೇ ನಿಲ್ಲುತ್ತದೆ ಎಂಬುದು ನನ್ನ ಆಕ್ಷೇಪ. ಹಾಗಿದ್ದರೂ ಸೋತ ಪಕ್ಷದವರು ತಮ್ಮ ಸೋಲನ್ನು ತಮ್ಮ ಮನೆಮಂದಿಗೆ ಹೇಗೆ ಹೇಳಿಕೊಳ್ಳುತ್ತಾರೆ ಎಂಬುದನ್ನು ಕೇಳುವ ಕುತೂಹಲ ನಮ್ಮನ್ನು ಕೊನೆಯ ಕಂತಿನವರೆಗೂ ಎಳೆದುಕೊಂಡು ಹೋಯಿತು.

ಮೊದಲ ನಮಸ್ಕಾರ ನಮ್ಮ ನಿವೃತ್ತ ಉರ್ದು ಮಾಸ್ತರರಿಗೆ. ನಮ್ಮ ರಾಯಚೂರು ಸೀಮೆಯಲ್ಲಿ 1948ರವರೆಗೆ ನಿಜಾಮರ ಆಳ್ವಿಕೆ ಇತ್ತು. ಕಚೇರಿಯ ಭಾಷೆಯೂ ಶಾಲೆಯ ಭಾಷೆಯೂ ಉರ್ದುವೇ ಆಗಿತ್ತು. ನನ್ನ ತಂದೆಯವರು ಮನೆಯ ಖರ್ಚಿನ ಲೆಕ್ಕವನ್ನು ಸಾಯುವವರೆಗೂ ಉರ್ದು ಲಿಪಿಯಲ್ಲಿಯೇ ಬರೆದಿಟ್ಟರು. ನನಗೆ ಆ ಲಿಪಿಯ ಒಂದಕ್ಷರವೂ ಬಾರದು. ಪೇಟೆಯ ದಖ್ಖನಿ ಮಾತು ಎಲ್ಲರಿಗೂ ಕಿವಿಗೆ ಬಿದ್ದದ್ದೇ ಆದರೂ ಧಾರಾವಾಹಿಯ ಬರವಣಿಗೆಯ ಉರ್ದು ನಮಗೆ ಬೇರೆಯೇ ಭಾಷೆಯಾಗಿತ್ತು. ಮಾಸ್ತರರು ಪ್ರತಿ ಕಂತನ್ನೂ ಮನೆಯಲ್ಲಿ ಮೊದಲೇ ನೋಡಿ, ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಕಷ್ಟದ ಪದಗಳಿಗೆ ಕನ್ನಡ ಬರೆದುಕೊಂಡು ಬರುತ್ತಿದ್ದರು. ಪಾಕಿಸ್ತಾನದವರು 1971ರ ಡಿಸೆಂಬರ್ 16ನ್ನು ‘ಸುಕೂತ್ ಎ ಢಾಕಾ’, ಅಂದರೆ ಢಾಕಾದ ಪತನ, ಎನ್ನುತ್ತಾರೆ. ಬಾಂಗ್ಲಾದವರಿಗೆ ಅದೇ ದಿನ ‘ಬಿಜಯ್ ದಿಬಸ್’. ಇದನ್ನು ವಿವರಿಸಿದ ದಿನ ಅವರು ಆ ಎರಡು ಹೆಸರುಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ಏನೂ ಹೇಳದೆ ಕುಳಿತುಕೊಂಡರು. ಧಾರಾವಾಹಿಯ ಹೆಸರನ್ನು ಬಿಡಿಸಿದವರೂ ಅವರೇ. ‘ಬಿಛಡ್ನಾ’ ಎಂದರೆ ಬರೀ ಅಗಲುವುದಷ್ಟೇ ಆಗುವುದಿಲ್ಲ, ಜಾತ್ರೆಯಲ್ಲಿ ಮಗು ಕೈತಪ್ಪಿ ಹೋಗುತ್ತದಲ್ಲ, ಆ ಭಾವ ಅದರಲ್ಲಿದೆ ಎಂದರು.

ಆ ಅರ್ಥವನ್ನು ಒಪ್ಪದೆ ನಮ್ಮೆಲ್ಲರನ್ನೂ ಯೋಚನೆಗೆ ಹಚ್ಚಿದ ಆರ್.ಎಚ್. (ಪುನರ್ವಸತಿ) ಕ್ಯಾಂಪಿನ ಅಮ್ಮನವರಿಗೆ ನನ್ನ ಎರಡನೆಯ, ಎಲ್ಲಕ್ಕಿಂತ ದೊಡ್ಡ ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ತಾಲ್ಲೂಕಿನಲ್ಲಿ ಹತ್ತು ಮನೆ ಎದ್ದರೆ ಅದಕ್ಕೆ ಕ್ಯಾಂಪ್ ಎಂದು ಹೆಸರಾಗುತ್ತದೆ; ಅವುಗಳಲ್ಲಿ ಆರ್.ಎಚ್. ಕ್ಯಾಂಪುಗಳು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರವು ಭೂಮಿ ಕೊಟ್ಟು ನೆಲೆಗೊಳಿಸಿದ ಊರುಗಳು. ಈ ಅಮ್ಮ ಈಗಿನ ಬಾಂಗ್ಲಾದೇಶದ ಖುಲ್ನಾ ಕಡೆಯವರು. 1964ರ ಕೋಮುಗಲಭೆಯ ವರ್ಷದಲ್ಲಿ ಮದುವೆಯಾದ ಹೊಸತರಲ್ಲಿಯೇ ಗಡಿ ದಾಟಿದವರು. ಮೊದಲ ದಿನ ಮೊಮ್ಮಗ ಕರೆತಂದಾಗ, ಉರ್ದು ಕೇಳಲು ನನಗೆ ಇಷ್ಟವಿಲ್ಲ ಎಂದು ಹೇಳಿಯೇ ಬಾಗಿಲ ಬಳಿ ಕುಳಿತರು. ಮಾಸ್ತರರು ಜಾತ್ರೆಯ ಹೋಲಿಕೆ ಹೇಳಿದ ಸಂಜೆ ಅವರು ನಮ್ಮ ಸೀಮೆಯ ಕನ್ನಡದಲ್ಲಿಯೇ, “ಜಾತ್ರ್ಯಾಗ ಕೈ ತಪ್ಪಿದವ್ರಲ್ರೀ ನಾವು. ಕೈ ಬಿಡಿಸಿದ್ರು” ಎಂದರು. ಮುಂದಿನ ವಾರ ಪ್ಲಾಸ್ಟಿಕ್ ಚೀಲದಲ್ಲಿ ತಮ್ಮ ಮಾವನವರ ಬಾರ್ಡರ್ ಸ್ಲಿಪ್, ಅಂದರೆ ಗಡಿ ದಾಟಿ ಬಂದವರಿಗೆ ಕೊಡುತ್ತಿದ್ದ ಚೀಟಿ, ತಂದರು. ನಾಲ್ಕು ಮಡಿಕೆ ಮಾಡಿದ್ದ ಆ ಹಾಳೆ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಪ್ರೊಜೆಕ್ಟರಿನ ಬೆಳಕಿಗೆ ಹಿಡಿದಾಗ ಕುಟುಂಬದವರ ಹೆಸರುಗಳ ನೀಲಿ ಶಾಯಿ ಹಿಂಬದಿಗೂ ಇಳಿದಿರುವುದು ಕಾಣುತ್ತಿತ್ತು. ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲು ಮಾಸ್ತರರು ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು.

ಅಂದಿನಿಂದ ಪ್ರತಿ ಕಂತಿನ ಬಳಿಕ ಅರ್ಧ ಗಂಟೆ ಅಮ್ಮನವರದು. ಭಾಷೆಯ ವಿಷಯ ಬಂದಾಗಲೆಲ್ಲ ಅವರ ದನಿ ಏರುತ್ತಿತ್ತು, ಅದರಲ್ಲಿ ನ್ಯಾಯವೂ ಇತ್ತು. ಉರ್ದುವೊಂದೇ ರಾಷ್ಟ್ರಭಾಷೆ ಎಂದು ಜಿನ್ನಾ ಅವರು ಸಾರಿದ್ದು 1948ರ ಮಾರ್ಚ್ ತಿಂಗಳಿನಲ್ಲಿ, ಢಾಕಾದ ರೇಸ್‌ಕೋರ್ಸ್ ಮೈದಾನದಲ್ಲಿ. 1952ರ ಫೆಬ್ರವರಿ 21ರಂದು ಬಂಗಾಳಿಗಾಗಿ ಬೀದಿಗಿಳಿದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಭಾಗದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದ ಅವಾಮಿ ಲೀಗ್ ಪಕ್ಷದ ನಾಯಕ ಶೇಖ್ ಮುಜೀಬರಿಗೆ ಪಾಕಿಸ್ತಾನದ ಸೇನಾ ಆಡಳಿತವು ಅಧಿಕಾರ ಬಿಟ್ಟುಕೊಡದೆ ಸಂಸತ್ ಅಧಿವೇಶನವನ್ನೇ ಮುಂದೂಡಿದಾಗ, ಮುಜೀಬರು 1971ರ ಮಾರ್ಚ್ 7ರಂದು ಜನಸಾಗರವನ್ನು ಉದ್ದೇಶಿಸಿ ಮಾತನಾಡಿದ್ದೂ ಅದೇ ರೇಸ್‌ಕೋರ್ಸಿನಲ್ಲಿ. ಅದೇ ವರ್ಷದ ಡಿಸೆಂಬರ್ 16ರಂದು ಪಾಕಿಸ್ತಾನಿ ಸೇನೆಯ ಜನರಲ್ ನಿಯಾಜಿ ಅವರು ಭಾರತೀಯ ಸೇನೆಯ ಜನರಲ್ ಜಗಜಿತ್ ಸಿಂಗ್ ಅರೋರಾ ಅವರ ಎದುರು ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದೂ ಅಲ್ಲಿಯೇ. ಹೀಗಿರುವಾಗ ಧಾರಾವಾಹಿಯ ಬಂಗಾಳಿ ಪಾತ್ರಗಳು ತಮ್ಮ ಸಿಟ್ಟನ್ನೂ ಸಂಕಟವನ್ನೂ ಬಹುಪಾಲು ಉರ್ದುವಿನಲ್ಲಿಯೇ ಆಡಿಕೊಳ್ಳುವುದನ್ನು ನೋಡುವಾಗ ನಮಗೇ ಮುಜುಗರವಾಗುತ್ತಿತ್ತು. 1971ರ ಮಾರ್ಚ್ 25ರ ರಾತ್ರಿ ಢಾಕಾ ವಿಶ್ವವಿದ್ಯಾಲಯದ ಜಗನ್ನಾಥ ಹಾಲ್‌ನಲ್ಲಿ ಸೇನೆ ನಡೆಸಿದ ಕೊಲೆಗಳ ಬಗ್ಗೆ ಇನ್ನೂ ನೇರವಾಗಿ ಮಾತನಾಡಬೇಕಿತ್ತು ಎಂದು ಕಾಲೇಜಿನ ಹುಡುಗಿಯರು ವಾದಿಸಿದರು. ಅವರ ಜೊತೆ ನಾನೂ ಇದ್ದೇನೆ.

ಮಾಸ್ತರರು ಇನ್ನೊಂದು ಬದಿಯನ್ನೂ ನಮ್ಮ ಮುಂದಿಟ್ಟರು. 1947ರ ನಂತರ ಬಿಹಾರದಿಂದ ಪೂರ್ವ ಪಾಕಿಸ್ತಾನಕ್ಕೆ ಹೋಗಿ ನೆಲೆಸಿದ್ದ ಉರ್ದು ಮಾತಿನ ಬಡವರು 1971ರಲ್ಲಿ ಶತ್ರುಗಳ ಕಡೆಯವರೆಂದು ಪೆಟ್ಟು ತಿಂದರು. ಅತ್ತ ಪಾಕಿಸ್ತಾನವೂ ಅವರನ್ನೆಲ್ಲ ಕರೆದುಕೊಳ್ಳಲಿಲ್ಲ. ಢಾಕಾದ ಮೊಹಮ್ಮದ್‌ಪುರದ ಜಿನೀವಾ ಕ್ಯಾಂಪಿನಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಇದ್ದಾರೆ. ಅವರ ಪೌರತ್ವವನ್ನು ಅಲ್ಲಿಯ ಹೈಕೋರ್ಟು ಎತ್ತಿಹಿಡಿದದ್ದು 2008ರಲ್ಲಿ. ‘ಕ್ಯಾಂಪ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಅಮ್ಮ ತಲೆಯೆತ್ತಿ, ಅವರಿಗೆ ಹೊಲ ಕೊಟ್ಟಿದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದು ಮಾಸ್ತರರು ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ.

ಇನ್ನು ಜಾಗದ ಮಾತು. ಮೂರನೆಯ ವಾರ, ನಾವು ಸೇರುತ್ತಿದ್ದ ಸಭಾಂಗಣದವರು ಪಾಕಿಸ್ತಾನದ ನಾಟಕಕ್ಕೆ ಇಲ್ಲಿ ಅವಕಾಶವಿಲ್ಲವೆಂದು ಹೇಳಿ ಕೀಲಿಕೈ ವಾಪಸು ಪಡೆದರು. ಯಾರೆಂದು ಹೇಳುವುದು ಬೇಡ. ಒಂದು ಕಂತನ್ನಾದರೂ ನೋಡಿ ಬೇಡವೆಂದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಆಗ ತಮ್ಮ ಅಕ್ಕಿ ಗಿರಣಿಯ ಖಾಲಿ ಗೋದಾಮನ್ನು ಬಿಟ್ಟುಕೊಟ್ಟವರಿಗೆ ಉರ್ದುವೂ ಬಾರದು, ಬಂಗಾಳಿಯೂ ಬಾರದು. ಮುಂಗಾರಿನ ಭತ್ತ ಬರುವುದರೊಳಗೆ ಮುಗಿಸಿಕೊಳ್ಳಿ ಎಂಬುದೊಂದೇ ಅವರ ಷರತ್ತು. ಗೋಣಿಚೀಲಗಳ ಅಟ್ಟಿಯೇ ನಮಗೆ ಕುರ್ಚಿಯಾಯಿತು. ಹೊಟ್ಟಿನ ದೂಳಿಗೆ ಸೀನುತ್ತ ಕೆಮ್ಮುತ್ತ ಯುದ್ಧ ನೋಡಿದೆವು. ಎರಡನೆಯ ವಿಘ್ನ ಪ್ರೊಜೆಕ್ಟರಿನದು. ಅದರ ದೀಪ ಸುಟ್ಟುಹೋದಾಗ, ಮದುವೆಗಳಿಗೆ ವಿಡಿಯೊ ಮಾಡುವ ನಮ್ಮ ಊರಿನ ತರುಣ ಎಲ್‌ಇಡಿ ಪರದೆಯನ್ನೇ ತಂದು ನಿಲ್ಲಿಸಿ, ಬಾಡಿಗೆ ಕೇಳಿದರೆ ನಕ್ಕುಬಿಟ್ಟ. ಪ್ರತಿ ವಾರ ಮಂಡಾಳ ಒಗ್ಗರಣೆ, ಮಿರ್ಚಿ, ಚಹಾ ಕಳಿಸಿದ ಹೋಟೆಲಿನವರ ಲೆಕ್ಕ ಮಾತ್ರ ಇನ್ನೂ ಬಾಕಿಯಿದೆ. ಅದನ್ನು ಕೃತಜ್ಞತೆಯಿಂದ ತೀರಿಸಲಾಗದು, ಕೂಟದ ಸದಸ್ಯರು ದಯವಿಟ್ಟು ಗಮನಿಸಬೇಕು.

ಮಾಸ್ತರರ ಮೂರು ನೋಟುಬುಕ್ಕುಗಳು ಈಗ ಕೂಟದ ಕಪಾಟಿನಲ್ಲಿವೆ. ಮೊದಲನೆಯದರ ಮೇಲೆ ಅವರು ಧಾರಾವಾಹಿಯ ಹೆಸರನ್ನು ಉರ್ದುವಿನಲ್ಲಿ ಬರೆದಿದ್ದಾರೆ. ಕೊನೆಯ ದಿನ ಅಮ್ಮನವರು ಪೆನ್ನು ಕೇಳಿ ಪಡೆದು, ಅದರ ಕೆಳಗೆ ಖುಲ್ನಾ ಕಡೆಯ ತಮ್ಮ ಊರಿನ ಹೆಸರನ್ನು ಬಂಗಾಳಿಯಲ್ಲಿ ಬರೆದರು.

ಸೋಮವಾರ ಬೆಳಿಗ್ಗೆ ಗೋದಾಮಿಗೆ ಭತ್ತದ ಮೊದಲ ಲಾರಿ ಬಂದಿತು. ಪರದೆ ಕಟ್ಟಲು ಹೊಡೆದಿದ್ದ ಮೊಳೆಗಳನ್ನು ಕೀಳಲು ಹೋದ ಹುಡುಗರಿಗೆ, ಅವು ಅಲ್ಲಿಯೇ ಇರಲಿ ಎಂದು ಗಿರಣಿಯ ಮಾಲೀಕರು ಹೇಳಿ ಕಳಿಸಿದರಂತೆ.