ಈ ವಾರ ಕೇಳಬೇಕಾದ ರೆಕಾರ್ಡ್: ‘ಮಿನಿಮಲ್ ನೇಶನ್’

ಗುಂಪಿನ ಸದಸ್ಯರ ಗಮನಕ್ಕೆ,

ಈ ವಾರ ಕೇಳುವುದಕ್ಕೆ ಅಮೆರಿಕದ ಡೆಟ್ರಾಯಿಟ್ ನಗರದ ಸಂಗೀತಗಾರ ರಾಬರ್ಟ್ ಹುಡ್ ಅವರ ‘ಮಿನಿಮಲ್ ನೇಶನ್’ ರೆಕಾರ್ಡನ್ನು ಆರಿಸಲಾಗಿದೆ. ಇದು 1994ರಲ್ಲಿ ಸಂಗೀತಗಾರ ಜೆಫ್ ಮಿಲ್ಸ್ ಅವರ ಆಕ್ಸಿಸ್ ಲೇಬಲ್ಲಿನಿಂದ (ರೆಕಾರ್ಡ್ ಕಂಪನಿಯಿಂದ) ಹೊರಬಂದಿತು. ಟೆಕ್ನೋ ಸಂಗೀತವು (ಯಂತ್ರಗಳಿಂದ ಹೊಮ್ಮುವ, ಕುಣಿತಕ್ಕೆಂದೇ ಮಾಡಿದ ಎಲೆಕ್ಟ್ರಾನಿಕ್ ಸಂಗೀತ) ವೇಗವನ್ನು ಏರಿಸಿಕೊಳ್ಳುತ್ತ, ಸದ್ದಿನ ಮೇಲೆ ಸದ್ದು ಪೇರಿಸುತ್ತಿದ್ದ ಆ ದಿನಗಳಲ್ಲಿ ಹುಡ್ ಅವರು ಹೆಚ್ಚಿನದೆಲ್ಲವನ್ನೂ ಕಳಚಿಹಾಕಿ, ಡ್ರಮ್ ಮಷಿನ್ನಿನ ಬಡಿತವನ್ನೂ ಸಿಂಥಸೈಜರಿನ ಒಂದೆರಡು ಪುಟ್ಟ ಸ್ವರಗುಚ್ಛಗಳನ್ನೂ ಮಾತ್ರ ಉಳಿಸಿಕೊಂಡರು. ಪಲ್ಲವಿ, ಚರಣಗಳ ಗೊಡವೆಯೇ ಇಲ್ಲಿಲ್ಲ.

ಮೊದಲ ಸಲ ಕೇಳಿದಾಗ ಒಂದೇ ತುಣುಕು ಸುಮ್ಮನೆ ಸುತ್ತುತ್ತಿದೆ ಎನಿಸಬಹುದು (ನನಗೂ ಹಾಗೆಯೇ ಅನಿಸಿತ್ತು). ಆದರೆ ಕೆಲವು ನಿಮಿಷಗಳಲ್ಲಿ ಕಿವಿ ಪಳಗಿದ ಮೇಲೆ, ಫಿಲ್ಟರ್ (ಧ್ವನಿಯ ಕೆಲವು ಅಂಶಗಳನ್ನು ತಡೆದು ಉಳಿದವನ್ನು ಬಿಡುವ ಸಾಧನ) ತುಸುವೇ ತೆರೆದುಕೊಂಡದ್ದು, ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳದ ಸದ್ದು) ಮೆಲ್ಲನೆ ಬಂದು ಸೇರಿದ್ದು ಕೂಡ ದೊಡ್ಡ ಘಟನೆಗಳಂತೆ ತೋರತೊಡಗುತ್ತವೆ. ಧ್ವನಿಯ ಅಂಚುಗಳನ್ನು ಉಜ್ಜಿ ನಯಗೊಳಿಸಿಲ್ಲ. ಆ ಒರಟುತನವೇ ಇದರ ಸೆಳೆತವೆಂದು ನನ್ನ ಭಾವನೆ.

ದಯವಿಟ್ಟು ಮೊಬೈಲಿನ ಸ್ಪೀಕರಿನಲ್ಲಿ ಕೇಳಬೇಡಿ. ಅದರಲ್ಲಿ ತಳದ ಬಾಸ್ ಸರಿಯಾಗಿ ಕೇಳಿಸುವುದಿಲ್ಲ, ಇಷ್ಟು ಕಡಿಮೆ ಸಾಮಗ್ರಿಯ ಸಂಗೀತದಲ್ಲಿ ಅದೂ ಹೋದರೆ ಉಳಿಯುವುದು ಬರೀ ಟಿಕ್‌ಟಿಕ್ ಸದ್ದು. ಹೆಡ್‌ಫೋನ್ ಇದ್ದರೆ ಸಾಕು. ಅಭಿಪ್ರಾಯಗಳನ್ನು ಭಾನುವಾರ ಸಂಜೆಯೊಳಗೆ ಇಲ್ಲಿಯೇ ಬರೆಯಬೇಕಾಗಿ ವಿನಂತಿ.